ವಾರದ ಲೆಕ್ಕದಲ್ಲಿ ಓದುವುದು ಹೇಗೆ

"ದಿನಕ್ಕೆ ಹತ್ತು ಪುಟ ಓದಿ, ಸಾಕು" ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ಮೊದಲ ವಾರ ಅದು ನಡೆಯುತ್ತದೆ ಕೂಡ. ಆಮೇಲೆ ಒಂದು ದಿನ ಕೆಲಸ ಮುಗಿಯುವುದೇ ರಾತ್ರಿ ಹನ್ನೊಂದಕ್ಕೆ, ಮರುದಿನ ಮನೆಗೆ ಯಾರೋ ಬರುತ್ತಾರೆ, ಅದರ ಮರುದಿನ ತಲೆನೋವು. ಮೂರು ದಿನ ತಪ್ಪಿತು ಎಂದರೆ ಮೂವತ್ತು ಪುಟ ಬಾಕಿ. ಅಲ್ಲಿಂದ ಮುಂದೆ ಪುಸ್ತಕ ಕಂಡರೆ ಸಾಲ ಕೊಟ್ಟವನನ್ನು ಬೀದಿಯಲ್ಲಿ ಕಂಡ ಹಾಗೆ ಮುಖ ತಿರುಗಿಸಿಕೊಂಡು ಹೋಗುವ ಸ್ಥಿತಿ.

ವರ್ಷದ ಗುರಿ ಇಟ್ಟುಕೊಂಡವರ ಕಷ್ಟ ಬೇರೆ. ಈ ವರ್ಷ ಐವತ್ತು ಪುಸ್ತಕ ಓದುತ್ತೇನೆ ಎಂದು ಜನವರಿಯಲ್ಲಿ ಘೋಷಿಸುತ್ತಾರೆ. ನವೆಂಬರ್ ಹೊತ್ತಿಗೆ ತೆಳ್ಳಗಿನ ಪುಸ್ತಕ ಹುಡುಕಲು ಶುರು ಮಾಡುತ್ತಾರೆ. ನಿಜವಾಗಿ ಓದಬೇಕು ಅನಿಸಿದ್ದ ಆರುನೂರು ಪುಟದ ಕಾದಂಬರಿ ಕಪಾಟಿನಲ್ಲೇ ಉಳಿಯುತ್ತದೆ, ಯಾಕೆಂದರೆ ಎಣಿಕೆಯಲ್ಲಿ ಅದೂ ಒಂದೇ, ನೂರು ಪುಟದ್ದೂ ಒಂದೇ.

ಅದಕ್ಕೇ ನಾನು ಹೇಳುವುದು, ವಾರವನ್ನು ಅಳತೆ ಮಾಡಿಕೊಳ್ಳಿ ಎಂದು. ವಾರದಲ್ಲಿ ಎರಡು ದಿನ ಕೆಟ್ಟರೂ ಉಳಿದ ಐದು ದಿನಕ್ಕೆ ತುಂಬಿಕೊಡುವ ಶಕ್ತಿ ಇರುತ್ತದೆ. ವಾರವೇ ಕೆಟ್ಟರೆ ಇನ್ನೊಂದು ವಾರ ಹೊಸದಾಗಿ ಬರುತ್ತದೆ, ಹಳೆಯ ಬಾಕಿ ಅದಕ್ಕೆ ಅಂಟುವುದಿಲ್ಲ. ಹೋದ ವಾರ ಎಲ್ಲಿ ನಿಲ್ಲಿಸಿದ್ದೆ ಎಂಬುದು ಇನ್ನೂ ನೆನಪಿರುವಷ್ಟು ಹತ್ತಿರವೂ ಇರುತ್ತದೆ, ಅಲ್ವಾ? ಇದನ್ನು ಹೇಗೆ ಕಟ್ಟಿಕೊಳ್ಳುವುದು ಎಂದು ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ವೇಗ ತಿಳಿದುಕೊಳ್ಳಿ

ಹೆಚ್ಚಿನವರಿಗೆ ತಾವು ಗಂಟೆಗೆ ಎಷ್ಟು ಪುಟ ಓದುತ್ತೇವೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಗುರಿ ಇಟ್ಟುಕೊಂಡರೆ ಅದು ಸುಮ್ನೆ ಆಸೆ ಅಷ್ಟೇ. ಹಾಗಾಗಿ ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷ ಓದಿ, ಎಷ್ಟು ಪುಟ ಆಯಿತು ಬರೆದುಕೊಳ್ಳಿ. ಅವಸರ ಮಾಡಬೇಡಿ, ಯಾರೂ ನೋಡುತ್ತಿಲ್ಲ. ಒಂದು ದಿನ ಕಾದಂಬರಿ ಹಿಡಿದು ಅಳೆಯಿರಿ, ಇನ್ನೊಂದು ದಿನ ಇತಿಹಾಸವೋ ವಿಜ್ಞಾನವೋ ಇರುವ ಪುಸ್ತಕ ಹಿಡಿದು ಅಳೆಯಿರಿ. ಎರಡರ ನಡುವೆ ಒಳ್ಳೆಯ ಅಂತರ ಕಾಣುತ್ತದೆ. ಇಂಗ್ಲಿಷ್ ಪುಸ್ತಕಗಳನ್ನೂ ಓದುವವರಾದರೆ ಅದನ್ನು ಮೂರನೆಯದಾಗಿ ಬೇರೆಯೇ ಅಳೆಯಿರಿ.

ನಿಮಿಷಕ್ಕೆ ಇಷ್ಟು ಪದ ಎಂದು ಹೇಳುವ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಓದುವ ವಯಸ್ಕರ ಸರಾಸರಿ ವೇಗ ವಿಚಾರದ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260 ಪದ ಎಂದು ಬಂತು. ಅದಕ್ಕೆ ಮೊದಲು ಎಲ್ಲರೂ 300 ಎಂದು ಹೇಳಿಕೊಂಡು ತಿರುಗುತ್ತಿದ್ದರು. ಕನ್ನಡಕ್ಕೆ ಈ ಅಂಕಿ ಹಾಗೇ ಹೊಂದುವುದಿಲ್ಲ. ನಮ್ಮ ಒಂದೊಂದು ಪದಕ್ಕೆ ವಿಭಕ್ತಿ, ಅವ್ಯಯ ಎಲ್ಲ ಬಾಲದ ಹಾಗೆ ಸೇರಿಕೊಂಡಿರುತ್ತವೆ, ಇಂಗ್ಲಿಷಿನ ಮೂರ್ನಾಲ್ಕು ಪದದ ಕೆಲಸವನ್ನು ಒಂದೇ ಪದ ಮಾಡುತ್ತದೆ. ಪದ ಎಣಿಸುವ ಗೋಜೇ ಬೇಡ. ಪುಟ ಎಣಿಸಿ.

ಉದಾಹರಣೆಗೆ ಇಪ್ಪತ್ತು ನಿಮಿಷಕ್ಕೆ 12 ಪುಟ ಬಂತು ಎಂದುಕೊಳ್ಳಿ. ಗಂಟೆಗೆ 36. ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ 144. ಮುನ್ನೂರು ಪುಟದ ಪುಸ್ತಕ ಎರಡು ವಾರಕ್ಕೆ ಹೆಚ್ಚುಕಡಿಮೆ ಮುಗಿಯುತ್ತದೆ. ವರ್ಷದಲ್ಲಿ ಹತ್ತು ವಾರ ಪೂರ್ತಿ ಹಾಳಾದರೂ ಉಳಿದ 42 ವಾರದಲ್ಲಿ ಸುಮಾರು ಆರು ಸಾವಿರ ಪುಟ, ಅಂದರೆ ದಪ್ಪನೆಯ ಇಪ್ಪತ್ತು ಪುಸ್ತಕ. ಇಷ್ಟಕ್ಕೆ ಯಾವ ತಪಸ್ಸೂ ಬೇಕಾಗಿಲ್ಲ.

ವೇಗ ಹೆಚ್ಚಿಸುವ ಕೋರ್ಸುಗಳ ಬಗ್ಗೆ ಇಲ್ಲೇ ಒಂದು ಮಾತು. ದುಡ್ಡು ಕೊಡಬೇಡಿ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಎಂಬುದನ್ನೇ ಜೀವನವಿಡೀ ಅಧ್ಯಯನ ಮಾಡಿದ ಕೀತ್ ರೇನರ್ ಮತ್ತು ಅವರ ಜೊತೆಗಾರರು ಈ ವಿಷಯದ ಸಂಶೋಧನೆಯನ್ನೆಲ್ಲ ಒಟ್ಟು ಮಾಡಿ ಪರಿಶೀಲಿಸಿದ್ದು 2016ರಲ್ಲಿ ಪ್ರಕಟವಾಯಿತು. ವೇಗ ಏರಿದರೆ ಅರ್ಥವಾಗುವುದು ಇಳಿಯುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಚೆನ್ನಾಗಿ ಓದುವವರ ಕಣ್ಣು ಕೂಡ ನೂರಕ್ಕೆ ಹತ್ತು ಹದಿನೈದು ಸಲ ಹಿಂದಕ್ಕೆ ಹೋಗಿ ಓದಿದ್ದನ್ನೇ ಮತ್ತೆ ಓದುತ್ತದೆ. ಅದು ದೋಷವಲ್ಲ, ಅರ್ಥ ಕೂಡಿಸಿಕೊಳ್ಳುವ ದಾರಿಯೇ ಅದು. ವೇಗ ತಾನಾಗಿ ಬರಬೇಕಾದರೆ ಒಂದೇ ಉಪಾಯ, ಆ ವಿಷಯದ ಪದಗಳು ಪರಿಚಯವಾಗುವಷ್ಟು ಓದುವುದು.

ನಾಲ್ಕು ಗಂಟೆ ಎಲ್ಲಿಂದ ತರುವುದು

ಕೆಲಸದ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ರಜೆಯ ಎರಡು ದಿನ, ದಿನಕ್ಕೆ ಎಪ್ಪತ್ತು ನಿಮಿಷ. ಕೂಡಿಸಿ ನೋಡಿ, ಸರಿಯಾಗಿ ನಾಲ್ಕು ಗಂಟೆ. ನಿಮ್ಮ ವಾರ ಬೇರೆ ಥರ ಇದ್ದರೆ ಹಂಚಿಕೆ ಬದಲಾಯಿಸಿ, ಆದರೆ ಚಿಕ್ಕ ಕೂರುವಿಕೆ ಕೆಲವು, ದೊಡ್ಡದು ಕನಿಷ್ಠ ಒಂದಾದರೂ ಇರಲಿ. ಎರಡಕ್ಕೂ ಬೇರೆ ಬೇರೆ ಕೆಲಸ ಇದೆ.

ಇಪ್ಪತ್ತು ನಿಮಿಷದಲ್ಲಿ ಕಥೆಯ ಎಳೆ ಕೈ ತಪ್ಪದ ಹಾಗೆ ನೋಡಿಕೊಳ್ಳಬಹುದು, ಒಂದು ಪ್ರಬಂಧ ಮುಗಿಸಬಹುದು. ಆದರೆ ಪುಸ್ತಕದೊಳಗೆ ಮುಳುಗಲು ಅಷ್ಟು ಸಾಲದು. ದೊಡ್ಡ ಪುಸ್ತಕದಲ್ಲಿ ಮೊದಲ ಹತ್ತು ಹದಿನೈದು ನಿಮಿಷ ಹೋಗುವುದೇ ಹೊರಗಿನ ಗಲಾಟೆ ತಲೆಯಿಂದ ಇಳಿಯಲು. ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದೆಲ್ಲ ಮತ್ತೆ ಜೋಡಿಸಿಕೊಂಡ ಮೇಲೆ ನಿಜವಾದ ಓದು ಶುರು. ಆಗ ಇನ್ನೂ ಒಂದು ಗಂಟೆ ಕೈಯಲ್ಲಿ ಇರಬೇಕು. ಅದಕ್ಕೇ ಎಪ್ಪತ್ತು.

ಚಿಕ್ಕ ಕೂರುವಿಕೆಯನ್ನು ಗಡಿಯಾರಕ್ಕೆ ಕಟ್ಟಬೇಡಿ. ಯಾವುದಾದರೂ ಕೆಲಸಕ್ಕೆ ಕಟ್ಟಿ. "ರಾತ್ರಿ ಒಂಬತ್ತಕ್ಕೆ ಓದುತ್ತೇನೆ" ಎಂದರೆ ಒಂಬತ್ತೂ ಹತ್ತಕ್ಕೆ ಆಯಿತು ಹೋಯಿತು ಅನಿಸುತ್ತದೆ. "ಊಟ ಆಗಿ ಪಾತ್ರೆ ತೊಳೆದ ಮೇಲೆ ಓದುತ್ತೇನೆ" ಎಂದರೆ ಊಟ ಯಾವಾಗ ಆದರೂ ಆಗುತ್ತದೆ, ಅದರ ಬೆನ್ನಿಗೆ ಓದೂ ಆಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ದಿನವೂ ಒಂದೇ ಸಂದರ್ಭದಲ್ಲಿ ಒಂದು ಹೊಸ ಕೆಲಸ ಮಾಡಬೇಕು, ಯಾವಾಗ ಅದು ಯೋಚಿಸದೆಯೇ ಆಗುತ್ತದೆ ಎಂದು ನೋಡುವುದು. ಒಬ್ಬೊಬ್ಬರದು ಒಂದೊಂದು ಥರ. ಅಂದಾಜು 18 ದಿನದಿಂದ 254 ದಿನದವರೆಗೆ, ನಡುವಿನ ಅಂಕಿ 66. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಿ. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಒಂದು ದಿನ ತಪ್ಪಿದರೆ ಎಣಿಕೆಯನ್ನೆಲ್ಲ ಸೊನ್ನೆಗೆ ಇಳಿಸುವ ಆ್ಯಪ್‌ಗಳು ನಮ್ಮನ್ನು ಸುಮ್ಮನೆ ಹೆದರಿಸುತ್ತಿವೆ ಅಷ್ಟೇ.

ಫೋನ್ ವಿಚಾರ ಎಲ್ಲರಿಗೂ ಗೊತ್ತಿರುವುದೇ. ಬೇರೆ ಕೋಣೆಯಲ್ಲಿಡಿ. ಮೇಜಿನ ಮೇಲೆ ಮಗುಚಿ ಇಟ್ಟರೆ ಆಗುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಓದುವಾಗ ಗೊತ್ತಿಲ್ಲದ ಪದ ಬಂದರೆ ಹುಡುಕಲು ಫೋನ್ ಬೇಕಲ್ಲ ಎನ್ನುವವರು ಒಂದು ಚೀಟಿಯಲ್ಲಿ ಪದ ಬರೆದಿಟ್ಟುಕೊಳ್ಳಿ, ಎದ್ದ ಮೇಲೆ ನೋಡಿದರಾಯಿತು. ಅರ್ಧ ಪದಗಳ ಅರ್ಥ ಮುಂದಿನ ಪುಟದಲ್ಲೇ ತಾನಾಗಿ ಹೊಳೆದಿರುತ್ತದೆ.

ಒಂದೇ ಸಲ ಎಷ್ಟು ಪುಸ್ತಕ

ಒಂದು ಮುಗಿಯದೆ ಇನ್ನೊಂದು ಮುಟ್ಟಬಾರದು ಎಂಬ ಶಿಸ್ತು ಕೆಲವರಿಗಿದೆ. ಅವರಿಗೆ ನಮಸ್ಕಾರ. ಬಹಳ ಜನರ ಓದು ನಿಂತುಹೋಗುವುದೇ ಈ ಶಿಸ್ತಿನಿಂದ, ಯಾಕೆಂದರೆ ಕಷ್ಟದ ಪುಸ್ತಕ ಒಂದು ಕಡೆ ಸಿಕ್ಕಿಕೊಂಡರೆ ಅದರ ಹಿಂದೆ ಎಲ್ಲ ಪುಸ್ತಕವೂ ಸಾಲುಗಟ್ಟಿ ನಿಲ್ಲುತ್ತದೆ. ಹಾಗಂತ ಎಂಟು ಹತ್ತು ಪುಸ್ತಕ ತೆರೆದಿಟ್ಟರೂ ಕಷ್ಟ, ಯಾವುದೂ ಮುಂದೆ ಹೋಗುವುದಿಲ್ಲ. ವಾರಕ್ಕೆ ಮೂರು ಸರಿಯಾದ ಸಂಖ್ಯೆ ಎಂಬುದು ನನ್ನ ಅಭಿಪ್ರಾಯ. ಮೂರೂ ಒಂದೇ ಜಾತಿಯವು ಆಗಿರಬಾರದು.

ಮೊದಲನೆಯದು ಭಾರದ ಪುಸ್ತಕ. ದೊಡ್ಡ ಕಾದಂಬರಿ, ತತ್ವಶಾಸ್ತ್ರ, ಇತಿಹಾಸ, ನಿಮಗೆ ಹೊಸದಾದ ಯಾವುದೋ ವಿಷಯ. ಇದಕ್ಕೆ ಎಪ್ಪತ್ತು ನಿಮಿಷದ ಹೊತ್ತನ್ನೇ ಮೀಸಲಿಡಿ. ದಣಿದ ರಾತ್ರಿಯಲ್ಲಿ ಇದನ್ನು ಕೈಗೆತ್ತಿಕೊಳ್ಳಬೇಡಿ. ಒಂದೇ ಸಾಲನ್ನು ಮೂರು ಸಲ ಓದಿ ಪುಸ್ತಕದ ಮೇಲೆ ಸಿಟ್ಟು ಬರುತ್ತದೆ, ಪಾಪ ಪುಸ್ತಕದ್ದೇನೂ ತಪ್ಪಿರುವುದಿಲ್ಲ.

ಎರಡನೆಯದು ಓಡಿಸಿಕೊಂಡು ಹೋಗುವ ಪುಸ್ತಕ. ಪತ್ತೇದಾರಿ, ಪ್ರವಾಸ ಕಥನ, ಆತ್ಮಕಥೆ, ನಗಿಸುವಂಥದ್ದು. ಇದು ದಿನದ ಇಪ್ಪತ್ತು ನಿಮಿಷಕ್ಕೆ. ಇಂಥ ಪುಸ್ತಕ ಓದುವುದು ಹಗುರ ಓದು ಎಂದು ಮೂಗು ಮುರಿಯುವವರ ಮಾತು ಕೇಳಬೇಡಿ. ವಾರದಲ್ಲಿ ನೀವು ಓದುವ ಪುಟಗಳಲ್ಲಿ ಜಾಸ್ತಿ ಪಾಲು ಇದರಿಂದಲೇ ಬರುತ್ತದೆ, ಓದುವ ರುಚಿ ಆರದ ಹಾಗೆ ಕಾಯುವುದೂ ಇದೇ.

ಮೂರನೆಯದು ಚೂರು ಚೂರಾಗಿ ಓದುವಂಥದ್ದು. ಕವಿತೆ, ಸಣ್ಣ ಕಥೆ, ವಚನ, ಪತ್ರ, ಡೈರಿ, ಪ್ರಬಂಧ. ಯಾವ ಪುಟ ತೆರೆದರೂ ಅಲ್ಲೇ ಶುರುವಾಗಿ ಅಲ್ಲೇ ಮುಗಿಯಬೇಕು. ಚೀಲದಲ್ಲಿ, ಮಂಚದ ಪಕ್ಕ, ಕಾಯುವ ಜಾಗದಲ್ಲಿ ಇರಲಿ. ಇದಕ್ಕೆ ಪುಟದ ಲೆಕ್ಕ ಇಡಬೇಡಿ. ಕವಿತಾ ಸಂಕಲನವನ್ನು ವಾರದೊಳಗೆ ಮುಗಿಸುವುದು ಒಳ್ಳೆಯದೇ ಅಲ್ಲ. ದಿನಕ್ಕೆ ಒಂದು ಕವಿತೆ, ಅದನ್ನೇ ಎರಡು ಸಲ, ಒಂದು ಸಲವಾದರೂ ಗಟ್ಟಿಯಾಗಿ. ಕಣ್ಣಿಗೆ ಸಿಗದ ಲಯ ಬಾಯಿಗೆ ಸಿಗುತ್ತದೆ.

ಎರಡು ಕಾದಂಬರಿಗಳನ್ನು ಜೊತೆಜೊತೆಗೆ ಓದಬಾರದೇ? ಓದಬಹುದು, ಕಾಲವೂ ಜಾಗವೂ ಪೂರ್ತಿ ಬೇರೆ ಇದ್ದರೆ. ಎರಡರಲ್ಲೂ ಒಂದು ದೊಡ್ಡ ಕುಟುಂಬ, ಆಸ್ತಿ ಜಗಳ, ಮೂರು ತಲೆಮಾರು ಇದ್ದರೆ ಎರಡನೇ ವಾರಕ್ಕೆ ಇಲ್ಲಿಯ ಅತ್ತೆ ಅಲ್ಲಿಯ ಸೊಸೆಯನ್ನು ಬೈಯುತ್ತಿರುತ್ತಾಳೆ.

ಪಾತ್ರಗಳು ಜಾಸ್ತಿ ಇರುವ ಪುಸ್ತಕಕ್ಕೆ ಒಂದು ಸಣ್ಣ ಉಪಾಯ. ಪುಟದ ಗುರುತಿಗೆ ಇಡುವ ಚೀಟಿ ಇರುತ್ತದಲ್ಲ, ಅದು ಸ್ವಲ್ಪ ದಪ್ಪನೆಯ ಕಾಗದವಾಗಿರಲಿ. ಹೊಸ ಹೆಸರು ಬಂದಾಗಲೆಲ್ಲ ಅದರ ಮೇಲೆ ಹೆಸರು, ಸಂಬಂಧ, ಪುಟ ಸಂಖ್ಯೆ ಬರೆಯಿರಿ. ಐದು ದಿನ ಬಿಟ್ಟು ತೆರೆದರೂ ಕಳೆದುಹೋಗುವುದಿಲ್ಲ. ನಿಲ್ಲಿಸುವಾಗ ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ. ಮುಂದಿನ ಅಧ್ಯಾಯದ ಎರಡು ಪುಟ ಓದಿ ನಿಲ್ಲಿಸಿ. ಅಧ್ಯಾಯ ಮುಗಿದ ಕಡೆ ಮನಸ್ಸಿಗೂ ಬಾಗಿಲು ಹಾಕಿದಂತಾಗಿ ಮತ್ತೆ ತೆರೆಯಲು ಸೋಮಾರಿತನ ಬರುತ್ತದೆ.

ಬಿಟ್ಟುಬಿಡುವುದನ್ನು ಕಲಿಯಿರಿ

ಹಿಡಿದ ಪುಸ್ತಕವನ್ನು ಮುಗಿಸಲೇಬೇಕು ಎಂದು ಯಾರು ಹೇಳಿದರೋ ಗೊತ್ತಿಲ್ಲ. ಶಾಲೆಯಿಂದ ಬಂದ ಭಯ ಇರಬೇಕು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೊಂದು ಚೆಂದದ ಲೆಕ್ಕ ಕೊಟ್ಟಿದ್ದಾರೆ. ವಯಸ್ಸು ಐವತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪುಸ್ತಕಕ್ಕೆ 50 ಪುಟದ ಅವಕಾಶ ಕೊಡಿ. ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತರವರಿಗೆ 30 ಪುಟ. ನೂರು ತುಂಬಿದವರು ರಕ್ಷಾಪುಟ ನೋಡಿಯೇ ತೀರ್ಮಾನ ಮಾಡಬಹುದು.

ನಾನು ಇದಕ್ಕೆ ಒಂದು ಸೇರಿಸುತ್ತೇನೆ. ಬಿಡುವ ಮೊದಲು ಪುಸ್ತಕದ ನಡುವಿನಿಂದ ಯಾವುದಾದರೂ ಎರಡು ಪುಟ ಓದಿ ನೋಡಿ. ಕೆಲವು ಪುಸ್ತಕಗಳಿಗೆ ಬಿಸಿಯೇರುವುದೇ ತಡವಾಗಿ. ನಡುವಿನ ಎರಡು ಪುಟವೂ ಹಿಡಿಯಲಿಲ್ಲ ಎಂದರೆ ಧಾರಾಳವಾಗಿ ಬಿಡಿ. ಬಿಡುವುದರಲ್ಲೂ ಎರಡು ಬಗೆ ಇದೆ. "ಇದು ನನಗಲ್ಲ" ಎಂಬುದು ಒಂದು, ಆ ಪುಸ್ತಕವನ್ನು ಯಾರಿಗಾದರೂ ಕೊಟ್ಟುಬಿಡಿ. "ಈಗ ಬೇಡ" ಎಂಬುದು ಇನ್ನೊಂದು, ಅದನ್ನು ಕಪಾಟಿಗೆ ಹಿಂದಿರುಗಿಸಿ, ಎಲ್ಲಿಗೆ ನಿಂತಿತು ಎಂದು ಒಳಗೆ ಒಂದು ಚೀಟಿ ಇಡಿ. ಇಪ್ಪತ್ತನೇ ವಯಸ್ಸಿನಲ್ಲಿ ನೀರಸ ಅನಿಸಿದ ಪುಸ್ತಕ ನಲವತ್ತರಲ್ಲಿ ಕೈ ಹಿಡಿದು ಕೂರಿಸುವುದುಂಟು.

ಓದದೆ ಉಳಿದ ಪುಸ್ತಕದ ರಾಶಿ ನೋಡಿ ಕೆಲವರು ಕೊರಗುತ್ತಾರೆ. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರ ಬರೆದಾಗ ಮೊದಲ ಸೂತ್ರವೇ ಪುಸ್ತಕ ಇರುವುದು ಬಳಕೆಗೆ ಎಂದಿತ್ತು, ನಾಲ್ಕನೆಯದು ಓದುಗರ ಸಮಯ ಉಳಿಸಿ ಎಂದು. ಮನೆಯ ಕಪಾಟಿಗೂ ಈ ಎರಡು ಸಾಕು. ಮುಂದಿನ ಒಂದು ತಿಂಗಳಲ್ಲಿ ಓದಬಹುದಾದ ನಾಲ್ಕೈದು ಪುಸ್ತಕಗಳನ್ನು ಕಣ್ಣಿಗೆ ಬೀಳುವ ಒಂದೇ ಕಡೆ ಇಡಿ. ಉಳಿದವು ಒಳಗಿರಲಿ. ಒಂದು ಮುಗಿದ ರಾತ್ರಿ ಮುಂದೇನು ಎಂದು ಇಡೀ ಕಪಾಟಿನ ಮುಂದೆ ನಿಂತು ಅರ್ಧ ಗಂಟೆ ಕಳೆಯುವುದು ತಪ್ಪುತ್ತದೆ. ಆ ಅರ್ಧ ಗಂಟೆಯೂ ಒಂದು ಸುಖವೇ, ನಿಜ. ಆದರೆ ಅದನ್ನು ಓದಿನ ನಾಲ್ಕು ಗಂಟೆಯೊಳಗೆ ಸೇರಿಸಬೇಡಿ.

ಓದಿದ್ದು ಉಳಿಯಬೇಕಾದರೆ

"ಓದಿದ್ದೆಲ್ಲ ಮರೆತುಹೋಗುತ್ತದೆ" ಎಂಬುದು ಓದುವವರೆಲ್ಲರ ದೂರು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಜೋರಾಗಿ ಬಂದು ಆಮೇಲೆ ನಿಧಾನವಾಗುತ್ತದೆ. ಅರ್ಥವಿರುವ ಬರಹ ಅಷ್ಟು ಬೇಗ ಜಾರುವುದಿಲ್ಲ, ಆದರೂ ದಾರಿ ಅದೇ. ಹಾಗಾಗಿ ಏನಾದರೂ ಮಾಡಬೇಕಿದ್ದರೆ ಬೇಗ ಮಾಡಬೇಕು.

ಏನು ಮಾಡಬೇಕು ಎಂಬುದಕ್ಕೂ ಉತ್ತರ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಒಂದು ಗುಂಪು ಅದನ್ನೇ ಮತ್ತೆ ಓದಿತು. ಇನ್ನೊಂದು ಗುಂಪು ಬರಹ ಬದಿಗಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಪರೀಕ್ಷೆ ಮಾಡಿದರೆ ಉಲ್ಟಾ, ನೆನಪಿಸಿಕೊಂಡು ಬರೆದವರು ಮುಂದು. ನಮಗೆ ಬೇಕಾದದ್ದು ಐದು ನಿಮಿಷದ ನೆನಪಲ್ಲವಲ್ಲ. ಇನ್ನು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದಂತೂ ಕಲಿಕೆಗೆ ಅಂಥ ಉಪಯೋಗ ಮಾಡುವುದಿಲ್ಲ ಎಂದು ಜಾನ್ ಡನ್ಲಾಸ್ಕಿ ಮತ್ತು ಜೊತೆಗಾರರು 2013ರಲ್ಲಿ ಹತ್ತು ಬಗೆಯ ಓದಿನ ತಂತ್ರಗಳನ್ನು ತೂಗಿ ನೋಡಿ ಹೇಳಿದರು. ಪುಟವೆಲ್ಲ ಹಳದಿಯಾಗಿದ್ದರೆ ನೆನಪಾಗಿದೆ ಎಂಬ ಸಮಾಧಾನ ಬರುತ್ತದೆ, ಅಷ್ಟೇ.

ಮಾಡುವುದು ಹೀಗೆ. ಭಾರದ ಪುಸ್ತಕ ಓದಿ ಮುಚ್ಚಿದ ಕೂಡಲೇ, ಮತ್ತೆ ತೆರೆಯದೆ, ನಾಲ್ಕೈದು ಸಾಲು ಬರೆಯಿರಿ. ಲೇಖಕ ಏನು ಹೇಳಿದ, ನನಗೆ ಎಲ್ಲಿ ಒಪ್ಪಿಗೆಯಾಗಲಿಲ್ಲ, ಯಾವುದು ಅರ್ಥವಾಗಲಿಲ್ಲ. ಭಾಷೆ ಚೆನ್ನಾಗಿರಬೇಕಾಗಿಲ್ಲ. ನೆನಪಾಗದೆ ತಡವರಿಸಿದರೆ ಇನ್ನೂ ಒಳ್ಳೆಯದು, ಆ ತಡವರಿಕೆಯೇ ಕೆಲಸ ಮಾಡುವುದು. ಕಾದಂಬರಿಗೆ ಇಷ್ಟು ಬೇಡ, ಕಥೆಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ಅವರು "ಆಮೇಲೆ?" ಎಂದು ಕೇಳಿದರೆ ನೀವು ಗೆದ್ದಿರಿ.

ಪುಸ್ತಕ ನಿಮ್ಮದೇ ಆಗಿದ್ದರೆ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ನಿಮ್ಮದೇ ಸೂಚಿ ಮಾಡಿಕೊಳ್ಳಿ. ಪುಟ ಸಂಖ್ಯೆ, ಪಕ್ಕದಲ್ಲಿ ಎರಡೇ ಪದ: "112, ಅಣ್ಣನ ಪತ್ರ", "178, ಬರದ ವರ್ಣನೆ". ಮೂರು ವರ್ಷ ಬಿಟ್ಟು ಆ ಸಾಲು ಬೇಕಾದಾಗ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಗ್ರಂಥಾಲಯದ ಪುಸ್ತಕಕ್ಕೆ ಇದೇ ಸೂಚಿಯನ್ನು ಚೀಟಿಯಲ್ಲಿ ಬರೆದು ನೋಟ್‌ಬುಕ್ಕಿಗೆ ಅಂಟಿಸಿ. ದಯವಿಟ್ಟು ಪುಸ್ತಕದಲ್ಲಿ ಗೀಚಬೇಡಿ.

ಎಲ್ಲ ಪುಸ್ತಕದ ಟಿಪ್ಪಣಿಗೂ ಒಂದೇ ನೋಟ್‌ಬುಕ್ ಇಡುವ ಪದ್ಧತಿ ಯೂರೋಪಿನಲ್ಲಿ ಶತಮಾನಗಳ ಕಾಲ ಇತ್ತು. ಅದರ ಕಷ್ಟ ಒಂದೇ, ಬರೆದದ್ದು ಮತ್ತೆ ಸಿಗುವುದಿಲ್ಲ. ತತ್ವಜ್ಞಾನಿ ಜಾನ್ ಲಾಕ್ ಇದಕ್ಕೊಂದು ಸೂಚಿಯ ವಿಧಾನ ರೂಪಿಸಿದ. ಅದು ಮೊದಲು 1686ರಲ್ಲಿ ಫ್ರೆಂಚಿನಲ್ಲಿ, ಆತ ತೀರಿಕೊಂಡ ಮೇಲೆ 1706ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ವಿಷಯದ ಹೆಸರಿನ ಮೊದಲ ಅಕ್ಷರ, ಅದರ ನಂತರ ಬರುವ ಮೊದಲ ಸ್ವರ, ಈ ಎರಡರ ಜೋಡಿಯ ಕೆಳಗೆ ಪುಟ ಸಂಖ್ಯೆ. ಕನ್ನಡದಲ್ಲಿ ಇದು ಇನ್ನೂ ಸಲೀಸು, ವ್ಯಂಜನ ಸ್ವರ ಎರಡೂ ಒಂದೇ ಅಕ್ಷರದಲ್ಲಿ ಕೂತಿರುತ್ತವೆ. ನೋಟ್‌ಬುಕ್ಕಿನ ಮೊದಲ ಎರಡು ಹಾಳೆ ಖಾಲಿ ಬಿಡಿ. "ಮಳೆ" ಬಗ್ಗೆ 14ನೇ ಪುಟದಲ್ಲಿ ಬರೆದರೆ ಸೂಚಿಯಲ್ಲಿ "ಮ" ಎದುರು 14. ಇಷ್ಟೇ. ಇದಕ್ಕೆಂದು ದುಬಾರಿ ನೋಟ್‌ಬುಕ್ ತಂದರೆ ಬರೆಯಲು ಮನಸ್ಸು ಬರುವುದಿಲ್ಲ, ಹಾಳಾಗುತ್ತದೆ ಎಂದು ಕೈ ಹಿಂದೆ ಹೋಗುತ್ತದೆ. ಸಾದಾ ನೋಟ್‌ಬುಕ್ಕೇ ವಾಸಿ.

ಕಾಗದವೋ ಪರದೆಯೋ

ಇದರ ಬಗ್ಗೆ ಜಗಳ ಆಡುವವರು ಜಾಸ್ತಿ, ನೋಡಿ ತೀರ್ಮಾನಿಸುವವರು ಕಡಿಮೆ. ಪಾಬ್ಲೊ ಡೆಲ್ಗಾಡೊ ಮತ್ತು ಜೊತೆಗಾರರು 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು 2018ರಲ್ಲಿ ಒಟ್ಟು ಮಾಡಿ ನೋಡಿದಾಗ, ಮಾಹಿತಿಯ ಬರಹ ಕಾಗದದಲ್ಲಿ ಸ್ವಲ್ಪ ಹೆಚ್ಚು ಅರ್ಥವಾಗುತ್ತದೆ, ಸಮಯದ ಒತ್ತಡ ಇದ್ದಾಗ ಆ ಅಂತರ ಇನ್ನೂ ಜಾಸ್ತಿ ಎಂದು ಕಂಡಿತು. ಕಥೆಯ ಬರಹಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಸರಳ, ಭಾರದ ಪುಸ್ತಕ ಕಾಗದದಲ್ಲಿ, ಓಡುವ ಪುಸ್ತಕ ಯಾವುದರಲ್ಲಾದರೂ. ಮಲಗುವ ಮುಂಚೆ ಮಾತ್ರ ಹೊಳೆಯುವ ಟ್ಯಾಬ್ಲೆಟ್ ಬೇಡ. ಮಲಗುವ ಮೊದಲು ಗಂಟೆಗಟ್ಟಲೆ ಅದರಲ್ಲಿ ಓದಿದವರಿಗೆ, ಅಚ್ಚಿನ ಪುಸ್ತಕ ಓದಿದವರಿಗಿಂತ ನಿದ್ದೆ ತಡವಾಗಿ ಬಂದದ್ದು ಪ್ರಯೋಗದಲ್ಲೇ ಕಂಡಿದೆ.

ಕೇಳುವ ಪುಸ್ತಕ ಓದಿದ ಲೆಕ್ಕವೇ? ನನ್ನ ಮಟ್ಟಿಗೆ ಹೌದು. ನಡೆಯುವಾಗ, ಬಟ್ಟೆ ಮಡಚುವಾಗ ಕಥೆ ಕೇಳಬಹುದು. ಆದರೆ ಕೇಳುವಾಗ ಕಣ್ಣಿಗಿರುವ ಆ ಹಿಂದಕ್ಕೆ ಹೋಗುವ ಸೌಲಭ್ಯ ಇರುವುದಿಲ್ಲ, ಮನಸ್ಸು ಅಲೆದರೂ ಧ್ವನಿ ಮುಂದೆ ಹೋಗುತ್ತಲೇ ಇರುತ್ತದೆ. ಮೊದಲೇ ಓದಿದ ಪುಸ್ತಕವನ್ನು ಎರಡನೇ ಸಲ ಕೇಳಲು ಇದು ತುಂಬ ಚೆನ್ನ. ತರ್ಕ ತುಂಬಿದ ಪುಸ್ತಕಕ್ಕೆ ಒಗ್ಗುವುದಿಲ್ಲ.

ವಾರದ ಕೊನೆಯ ಹದಿನೈದು ನಿಮಿಷ

ವಾರಕ್ಕೊಮ್ಮೆ, ಯಾವ ದಿನವಾದರೂ ಸರಿ, ಪ್ರತಿ ವಾರವೂ ಅದೇ ದಿನ ನೋಟ್‌ಬುಕ್ ತೆಗೆದು ಕೂರಿ. ಈ ವಾರ ಎಷ್ಟು ಪುಟ ಆಯಿತು ಎಂದು ಒಂದು ಅಂಕಿ. ಯಾವ ಪುಸ್ತಕ ಎಲ್ಲಿಗೆ ನಿಂತಿದೆ ಎಂದು ಒಂದು ಸಾಲು. ವಾರದ ಓದಿನಲ್ಲಿ ತಲೆಯಲ್ಲಿ ಉಳಿದ ಒಂದು ವಿಷಯ, ಪುಸ್ತಕ ನೋಡದೆ. ಮುಂದಿನ ವಾರ ದೊಡ್ಡ ಕೂರುವಿಕೆ ಯಾವ ದಿನ ಎಂಬ ತೀರ್ಮಾನ. ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳದೆ ಬರೆಯಿರಿ, ಮನೆಯವರಿಗೂ ಹೇಳಿ, ಆ ಹೊತ್ತಿಗೆ ಬೇರೆ ಕೆಲಸ ಹಚ್ಚದಿರಲಿ.

ಪುಟದ ಅಂಕಿ ಹೋದ ವಾರಕ್ಕಿಂತ ಕಡಿಮೆ ಇದ್ದರೆ ಕಾರಣ ಒಂದು ಪದದಲ್ಲಿ ಬರೆಯಿರಿ: ಪ್ರಯಾಣ, ಜ್ವರ, ಬೇಸರ, ಕ್ರಿಕೆಟ್. ಎರಡು ಮೂರು ತಿಂಗಳ ನಂತರ ಆ ಪದಗಳನ್ನಷ್ಟೇ ಓದುತ್ತಾ ಹೋದರೆ ನಿಮ್ಮ ಓದನ್ನು ನಿಜವಾಗಿ ತಿನ್ನುತ್ತಿರುವುದು ಯಾವುದು ಎಂದು ಕಾಣುತ್ತದೆ. "ಬೇಸರ" ಎಂಬ ಪದ ನಾಲ್ಕು ವಾರ ಸಾಲಾಗಿ ಬಂದಿದ್ದರೆ ಸಮಸ್ಯೆ ಸಮಯದ್ದಲ್ಲ, ಪುಸ್ತಕದ್ದು.

ಸರಾಸರಿ ಏರುತ್ತಲೇ ಇರಬೇಕು ಎಂದೇನೂ ಇಲ್ಲ. ಕಷ್ಟದ ಪುಸ್ತಕ ಓದುವ ತಿಂಗಳಲ್ಲಿ ಪುಟ ಇಳಿಯುತ್ತದೆ, ಇಳಿಯಬೇಕು ಕೂಡ.

ಏನೂ ಓದಲಾಗದ ವಾರಗಳು

ಸಮಯ ಇದೆ, ಪುಸ್ತಕ ಇದೆ, ಆದರೂ ಎರಡು ಪುಟ ದಾಟುವುದಿಲ್ಲ. ಎಲ್ಲ ಓದುಗರಿಗೂ ಇಂಥ ವಾರಗಳು ಬರುತ್ತವೆ. ಒಂದು ದೊಡ್ಡ ಕಾದಂಬರಿ ಮುಗಿಸಿದ ಮೇಲಂತೂ ಬಂದೇ ಬರುತ್ತದೆ, ಬೇರೆ ಯಾವ ಲೋಕಕ್ಕೂ ಹೋಗಲು ಮನಸ್ಸಾಗುವುದಿಲ್ಲ. ಆಗ ಒತ್ತಾಯ ಮಾಡಿಕೊಂಡು ಹೊಸ ಭಾರದ ಪುಸ್ತಕ ತೆರೆದರೆ ಅದಕ್ಕೂ ಅನ್ಯಾಯ, ನಿಮಗೂ ಕಷ್ಟ. ಆ ವಾರ ನಾಲ್ಕು ಗಂಟೆಯ ಲೆಕ್ಕ ಪೂರ್ತಿ ಬಿಟ್ಟುಬಿಡಿ.

ಮರಳಿ ಬರಲು ಹೊಸ ಪುಸ್ತಕ ಹುಡುಕಬೇಡಿ. ಹಿಂದೆ ಎಂದೋ ಓದಿ ಖುಷಿಪಟ್ಟ ಪುಸ್ತಕ ತೆಗೆದು, ಮೊದಲಿನಿಂದ ಅಲ್ಲ, ನಿಮಗೆ ಇಷ್ಟವಾದ ಅಧ್ಯಾಯದಿಂದಲೇ ಶುರು ಮಾಡಿ. ಮುಂದೇನಾಗುತ್ತದೆ ಎಂದು ಗೊತ್ತಿರುವುದರಿಂದ ಕಷ್ಟವಿಲ್ಲ, ಬೇಕಾದಾಗ ಬಿಡಬಹುದು. ಅದೂ ಆಗದಿದ್ದರೆ ಮಕ್ಕಳ ಪುಸ್ತಕ ಓದಿ, ಅದರಲ್ಲಿ ನಾಚಿಕೆ ಏನಿದೆ. ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳಿ, ನಿಮ್ಮ ಆಸಕ್ತಿ ಇಲ್ಲದಿದ್ದರೂ ಕೇಳುವವರ ಆಸಕ್ತಿ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹೀಗೆ ಒಂದೆರಡು ದಿನ ನಡೆದ ಮೇಲೆ ಓಡುವ ಪುಸ್ತಕ ಹಿಡಿಯಿರಿ. ಭಾರದ ಪುಸ್ತಕಕ್ಕೆ ಮರಳುವುದು ಎಲ್ಲಕ್ಕಿಂತ ಕೊನೆಗೆ, ಅದೂ ನಿಂತ ಪುಟದಿಂದ ನೇರವಾಗಿ ಬೇಡ, ನೀವೇ ಬರೆದ ಆ ನಾಲ್ಕೈದು ಸಾಲಿನ ಟಿಪ್ಪಣಿ ಓದಿಕೊಂಡು, ಹತ್ತು ಪುಟ ಹಿಂದಿನಿಂದ.